ಆ ಬಾಬ್ ಕಟ್ ಹುಡುಗಿ ಐರಿಸ್ ಟ್ರೀ

ಬ್ರಿಟಿಷ್ ಚಿತ್ರಕಾರರಾದ ವನೆಸ್ಸಾ ಬೆಲ್ ಮತ್ತು ಡಂಕನ್ ಗ್ರಾಂಟ್ ಇಬ್ಬರೂ ಚಿತ್ರಿಸಿರುವ ಆ ಗಿಡ್ಡ ಕೂದಲಿನ ಹುಡುಗಿ ಯಾರು, ಅವಳೂ ಬ್ಲೂಮ್ಸ್‌ಬರಿ ಲೇಖಕಿಯೇ ಅಂತ ಕೇಳಿದ್ದೀರಿ. (ಬ್ಲೂಮ್ಸ್‌ಬರಿ ಅಂದರೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಂಡನ್‌ನಲ್ಲಿದ್ದ ಲೇಖಕರು, ಕಲಾವಿದರ ಒಂದು ಗೆಳೆಯರ ಗುಂಪು.) ಅವಳು ಐರಿಸ್ ಟ್ರೀ (1897–1968). ಕವಿತೆ ಬರೆದಿದ್ದಾಳೆ ನಿಜ, ಆದರೆ ಗುಂಪಿನ ಒಳಗಿನವಳು ಅನ್ನುವುದಕ್ಕಿಂತ ಆ ಮನೆಗಳಿಗೆ ಸಲೀಸಾಗಿ ಬಂದು ಹೋಗುತ್ತಿದ್ದವಳು ಅನ್ನಬಹುದು. ತಂದೆ ಹರ್ಬರ್ಟ್ ಬೀರ್‌ಬೋಮ್ ಟ್ರೀ, ಲಂಡನ್ ರಂಗಭೂಮಿಯ ದೊಡ್ಡ ನಟ.

ನೀವು ನೋಡಿದ ಚಿತ್ರಗಳು 1915ರವು. ಅದೇ ವರ್ಷ ಅದೇ ಗುಂಪಿನ ಚಿತ್ರಕಾರ ರೋಜರ್ ಫ್ರೈ ಕೂಡ ಅವಳನ್ನು ಚಿತ್ರಿಸಿದ, ಶಿಲ್ಪಿ ಜೇಕಬ್ ಎಪ್‌ಸ್ಟೀನ್ ಕಂಚಿನಲ್ಲಿ ಅವಳ ತಲೆ ಮಾಡಿದ. ಕೂದಲಿನ ಕತೆ ಮಜವಾಗಿದೆ: ರೈಲಿನಲ್ಲಿ ಹೋಗುವಾಗ ಜಡೆ ಕತ್ತರಿಸಿ ಬೋಗಿಯಲ್ಲೇ ಬಿಟ್ಟು ಇಳಿದಳಂತೆ! ಬಾಬ್ ಕಟ್ ಇನ್ನೂ ಫ್ಯಾಷನ್ ಆಗಿರದ ಕಾಲ ಅದು.

ಆಮೇಲೆ ಅಮೆರಿಕದಲ್ಲಿ ರಂಗ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್‌ನ 'ದಿ ಮಿರಾಕಲ್' ನಾಟಕದಲ್ಲಿ ಗೆಳತಿ ಡಯಾನಾ ಕೂಪರ್ ಜೊತೆ ನಟಿಸಿದಳು. ಎರಡು ಮದುವೆ, ಎರಡೂ ಉಳಿಯಲಿಲ್ಲ. ನನಗೆ ತುಂಬಾ ಇಷ್ಟವಾಗುವುದು ಕೊನೆಗಾಲದ ಐರಿಸ್. ಇಟಲಿಯ ನಿರ್ದೇಶಕ ಫೆಲಿನಿಯ 'ಲಾ ಡೋಲ್ಚೆ ವಿಟಾ' (1960) ಸಿನಿಮಾ ಸಿಕ್ಕರೆ, ಸ್ಟೈನರ್ ಎಂಬ ಪಾತ್ರದ ಮನೆಯ ಪಾರ್ಟಿಯ ದೃಶ್ಯದಲ್ಲಿ ವಯಸ್ಸಾದ ಕವಯಿತ್ರಿಯೊಬ್ಬಳನ್ನು ಗಮನಿಸಿ. ಅವಳೇ ಇವಳು.