ಹುಲಿ ನಾಳೆ ಏನು ತಿನ್ನಬೇಕು?

(ಮಕ್ಕಳ ಓದಿನ ಬಗ್ಗೆ ಓದುಗರ ಪ್ರಶ್ನೆಗಳು, ಲೈಬ್ರರಿ ಅಜ್ಜಿಯ ಉತ್ತರಗಳು)

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ. ಸೂಪರ್‌ಹೀರೋ ಕಾಮಿಕ್ಸ್ ಬಿಟ್ಟು ಬೇರೇನೂ ಓದುವುದಿಲ್ಲ. ಪಂಚತಂತ್ರ ಕೊಡಿಸಿದರೆ, "ಇದು ಚಿಕ್ಕ ಮಕ್ಕಳದ್ದು" ಅಂತ ಮೂಲೆಗೆ ಹಾಕಿದ. ಏನು ಮಾಡಲಿ ಮೇಡಂ?
– ಒಬ್ಬ ತಾಯಿ, ತಿಪಟೂರು

ಉತ್ತರ: ಕಾಮಿಕ್ಸ್ ಮಾತ್ರ ಕಿತ್ತುಕೊಳ್ಳಬೇಡಿ. ನಾನು ಶಾಲೆಯ ಲೈಬ್ರರಿ ನೋಡಿಕೊಂಡವಳು. ಬಾಲಮಂಗಳ ಅನ್ನುವ ಮಕ್ಕಳ ಪತ್ರಿಕೆ ಬಂದ ದಿನ ಕಪಾಟಿನ ಮುಂದೆ ಜಗಳವೇ ಜಗಳ. ಎಲ್ಲರಿಗೂ ಮೊದಲು ಡಿಂಗ ಬೇಕು. ಡಿಂಗ ಗೊತ್ತಲ್ಲ? ಕಾಡಿನ ಪ್ರಾಣಿಗಳನ್ನು ಕಾಪಾಡುತ್ತಿದ್ದ ಇಲಿ. ಮೂಲದಲ್ಲಿ ಮಲಯಾಳಂನವನು, ಆದರೆ ನಮ್ಮ ಮಕ್ಕಳಿಗೆ ಅವನು ಪಕ್ಕದ ಕಾಡಿನವನೇ. ಇಲಿ ಮಾತಾಡುತ್ತದೆ, ಅಂದರೆ ಪಂಚತಂತ್ರ. ಅದೇ ಇಲಿ ಹಾರುತ್ತದೆ, ಅಂದರೆ ಸೂಪರ್‌ಹೀರೋ. ನಿಮ್ಮ ಮಗ ಬೇಡ ಅಂದದ್ದಕ್ಕೂ ಬೇಕು ಅನ್ನುವುದಕ್ಕೂ ಅಂಥಾ ದೂರವೇನಿಲ್ಲ.

ಈ ವಯಸ್ಸಿನವರಿಗೆ ಬೇಸರ ತರಿಸುವುದು ಕತೆಯಲ್ಲ, "ಈ ಕತೆಯ ನೀತಿ" ಅನ್ನುವ ಕೊನೇ ಸಾಲು. ಅದರ ಮೇಲೆ ಒಂದು ಚೂರು ಕಾಗದ ಅಂಟಿಸಿ ಕೊಡಿ. ತಮಾಷೆಯಲ್ಲ, ನಾನು ಎಷ್ಟೋ ಪುಸ್ತಕಗಳಿಗೆ ಹಾಗೆ ಮಾಡಿದ್ದೇನೆ. ಆಮೇಲೆ ಮೊಲ ಸಿಂಹವನ್ನು ಬಾವಿಗೆ ಕೆಡವಿದ ಕತೆ ತೆಗೆದು ಕೇಳಿ: "ಈ ಮೊಲಕ್ಕೆ ಯಾವ ಪವರ್ ಇತ್ತು?" ಹಾರಲು ಬರುವುದಿಲ್ಲ, ಹೊಡೆಯಲು ಬರುವುದಿಲ್ಲ. ಬೇಕೆಂದೇ ತಡವಾಗಿ ಹೋಗಿ, ಹಸಿದ ಸಿಂಹಕ್ಕೆ ಕೋಪ ಬರಿಸಿತು. ಅಷ್ಟೇ! ಅವನು ವಾದಕ್ಕೆ ಇಳಿಯುತ್ತಾನೆ, ನೋಡಿ.

ಪ್ರಶ್ನೆ: ಈಗಿನ ಮಕ್ಕಳ ಪುಸ್ತಕಗಳಲ್ಲಿ ಹಳೇ ಕತೆಗಳನ್ನೇ ತಿರುಚುತ್ತಾರೆ. ಮೊಲ ಮಲಗುವುದಿಲ್ಲ, ಹುಲಿ ಸಾಯುವುದಿಲ್ಲ. ಇದು ಸರಿಯೇ?
– ಒಬ್ಬ ಶಿಕ್ಷಕರು, ರಾಣೆಬೆನ್ನೂರು

ಉತ್ತರ: ಇದು ಈಗಿನ ಚಾಳಿಯಲ್ಲ ಸರ್. ಚಾಲುಕ್ಯ ದೊರೆ ಜಗದೇಕಮಲ್ಲನ ಸಂಧಿವಿಗ್ರಹಿ (ಯುದ್ಧ, ಸಂಧಾನ ನೋಡಿಕೊಳ್ಳುವ ಮಂತ್ರಿ) ಆಗಿದ್ದ ದುರ್ಗಸಿಂಹ ಸುಮಾರು 1031ರಲ್ಲಿ ಕನ್ನಡಕ್ಕೆ ಪಂಚತಂತ್ರ ತಂದ. ಅವನು ಆರಿಸಿಕೊಂಡದ್ದು ವಿಷ್ಣುಶರ್ಮನದನ್ನಲ್ಲ, ವಸುಭಾಗಭಟ್ಟನದನ್ನು. ಅದರಲ್ಲಿ ನಾವು ಶಾಲೆಯಲ್ಲಿ ಓದದ ಕತೆಗಳೂ ಇವೆ. ಹಾಗಾಗಿ "ಅಸಲಿ ಕತೆ ಒಂದೇ" ಅಂತ ಹಟ ಹಿಡಿಯುವುದು ಕಷ್ಟ.

ಆದರೂ ತಿರುಚಿದ್ದೆಲ್ಲ ನನಗೆ ಸೇರುವುದಿಲ್ಲ. ಪುಣ್ಯಕೋಟಿಯನ್ನೇ ತೆಗೆದುಕೊಳ್ಳಿ. ಹಸು ಕೊಟ್ಟ ಮಾತಿನಂತೆ ವಾಪಸ್ ಬರುತ್ತದೆ, ಹುಲಿ ತಾನೇ ಪ್ರಾಣ ಬಿಡುತ್ತದೆ. ಹಾಡು ಮುಗಿದಾಗ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ: "ಹುಲಿ ಯಾಕೆ ಸಾಯಬೇಕು? ಅದು ಹುಲ್ಲು ತಿನ್ನೋಕಾಗಲ್ಲ ಅಲ್ವಾ?" ಎಷ್ಟು ಗಟ್ಟಿ ಪ್ರಶ್ನೆ! ಹೊಸ ಕತೆ ಹುಟ್ಟಬೇಕಾದದ್ದು ಅಲ್ಲಿ. ಆ ಹುಲಿ ಅರ್ಬುತನನ್ನು ಬದುಕಿಸುವ ಲೇಖಕರು, ಅವನು ನಾಳೆ ಏನು ತಿನ್ನುತ್ತಾನೆ ಅಂತಲೂ ಹೇಳಬೇಕು. ಸುಮ್ನೆ ಹುಲ್ಲು ತಿನ್ನಿಸಿ, ಎಲ್ಲರೂ ಕೈಕೈ ಹಿಡಿದು ಕುಣಿದರೆ ಅದು ಮೋಸ. ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಮೊಲ-ಆಮೆಯೂ ಅಷ್ಟೇ. ಮೊಲ ಮಲಗದೇ ಇರಲಿ, ಬೇಡ ಅಂದವರಾರು? ಓಟದ ದಾರಿಗೆ ಒಂದು ಕೆರೆ ಅಡ್ಡ ಬರಲಿ ಸಾಕು. ಆದರೆ ಹಳೇ ಕತೆಯನ್ನು ಮೊದಲು ಹೇಳಿರಿ. ಅದು ಗೊತ್ತಿಲ್ಲದ ಮಗುವಿಗೆ ಹೊಸದರಲ್ಲಿ ನಗು ಬರುವುದಿಲ್ಲ.

ಪ್ರಶ್ನೆ: ಅಜ್ಜಿ, ನಾನು ಸೂಪರ್‌ಹೀರೋ ಕತೆ ಬರೀತಿದ್ದೀನಿ. ನನ್ನ ಹೀರೋಗೆ ಎಲ್ಲಾ ಶಕ್ತಿ ಇದೆ. ಆದ್ರೆ ಎರಡನೇ ಪುಟಕ್ಕೇ ಕತೆ ಮುಗಿದುಹೋಯ್ತು!
– 5ನೇ ತರಗತಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಮುಗಿಯದೆ ಇನ್ನೇನು ಪುಟ್ಟಿ? ಎಲ್ಲಾ ಶಕ್ತಿ ಹೀರೋಗೇ ಕೊಟ್ಟರೆ ಕಳ್ಳರು ಏನು ಮಾಡಬೇಕು? 1938ರಲ್ಲಿ ಬಂದ ಸೂಪರ್‌ಮ್ಯಾನ್‌ಗೂ ಆಮೇಲೆ ಕ್ರಿಪ್ಟೊನೈಟ್ ಅನ್ನುವ ಕಲ್ಲು ಹುಡುಕಿಕೊಡಬೇಕಾಯಿತು. 1962ರ ಸ್ಪೈಡರ್‌ಮ್ಯಾನ್ ಹೈಸ್ಕೂಲ್ ಹುಡುಗ, ಮನೆಯಲ್ಲಿ ದುಡ್ಡಿಗೆ ತಾಪತ್ರಯ. ನಮ್ಮ ಹನುಮಂತನನ್ನೇ ನೋಡು. ಸಮುದ್ರ ಹಾರುವ ಶಕ್ತಿ ಇದೆ, ಆದರೆ ಇದೆ ಅನ್ನುವುದೇ ಮರೆತಿದೆ. ಜಾಂಬವಂತ ನೆನಪಿಸಬೇಕು.

ನೀನೂ ಒಂದು ಶಕ್ತಿ ಕೊಡು, ಒಂದು ಕೊರತೆ ಕೊಡು. ಮಳೆ ಬಂದಾಗ ಮಾತ್ರ ಹಾರಬಲ್ಲ ಹುಡುಗಿ ಅಂತಿಟ್ಟುಕೋ. ಶಿರಸಿಯಲ್ಲಿ ಜುಲೈ ಪೂರ್ತಿ ಅವಳಿಗೆ ಹಬ್ಬ. ಆದರೆ ಕಳ್ಳರು ಬರುವುದು ಬಿಸಿಲಿನ ಮಾರ್ಚ್‌ನಲ್ಲಿ, ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ. ಈಗ ಅವಳೇನು ಮಾಡುತ್ತಾಳೆ? ಬರೆದು ಕಳಿಸು. ಅಕ್ಷರ ದಪ್ಪಗಿರಲಿ, ನನ್ನ ಕನ್ನಡಕ ಹಳೇದು.