ಒಂದೇ ತುರಿಕೆಗೆ ಅಕ್ಕನಿಗೊಂದು ಕಷಾಯ, ನನಗೊಂದು ಯಾಕೆ?

ನಿಮಗೂ ಅಕ್ಕನಿಗೂ ಇರುವುದು ಇಸುಬೇ ಎಂದು ಚರ್ಮದ ಡಾಕ್ಟರು ಹೇಳಿದ್ದಾರೆ. ಆದರೆ ಸಿಂಗಪುರದ ಚೀನಿ ವೈದ್ಯರು ಇಬ್ಬರಿಗೂ ಬೇರೆ ಬೇರೆ ಕಷಾಯ ಕೊಟ್ಟಿದ್ದಾರೆ, ಕುಡಿಯಬಹುದಾ ಎಂದು ಕೇಳಿದ್ದೀರಿ. ನಾನೂ ಇಲ್ಲೇ ಇರುವವಳು, ಇಸುಬಿನ ಕಷ್ಟ ಉಂಡವಳು. ವೈದ್ಯಳಲ್ಲ.

ಚೀನಿ ವೈದ್ಯರು ರೋಗದ ಹೆಸರಿಗಿಂತ ಅದು ಕಾಣಿಸಿಕೊಳ್ಳುವ ಬಗೆಯನ್ನು ನೋಡುತ್ತಾರೆ. ಇವತ್ತು ಕೈ, ನಾಳೆ ಬೆನ್ನು ಅಂತ ಜಾಗ ಬದಲಿಸುವ ತುರಿಕೆ 'ಗಾಳಿ'ಯದು. ಗುಳ್ಳೆ ಎದ್ದು ನೀರು ಸೋರಿದರೆ 'ತೇವ'. ಕೆಂಪಗೆ ಉರಿದರೆ 'ಶಾಖ'. ಹಳೆಯದಾಗಿ, ಚರ್ಮ ಒಣಗಿ ದಪ್ಪಗಾಗಿ, ರಾತ್ರಿ ಹೊತ್ತು ಜಾಸ್ತಿ ಕೆರೆಯುತ್ತಿದ್ದರೆ, ರಕ್ತ ಸಾಕಾಗದೆ ಚರ್ಮ ಒಣಗಿದೆ, ಗಾಳಿ ಒಳಗೇ ಹುಟ್ಟಿದೆ ಎನ್ನುತ್ತಾರೆ. ಹಿಮೋಗ್ಲೋಬಿನ್ ಸರಿಯಿದ್ದರೂ ಹೀಗೆ ಹೇಳಬಹುದು. ಗಾಳಿ ಅಡಗಬೇಕಾದರೆ ಮೊದಲು ರಕ್ತ ಸರಿಮಾಡು ಅನ್ನುವುದು ಅವರಲ್ಲಿ ಹಳೆಯ ಮಾತು.

ಅಕ್ಕನಿಗೆ ನೀರು ಸೋರುತ್ತದೆ ಅಂದಿರಿ. ಅಂಥದ್ದಕ್ಕೆ ಕೊಡುವುದು ಹೆಚ್ಚಾಗಿ ಶಿಯಾವೊ ಫೆಂಗ್ ಸಾನ್. ಚೆನ್ ಶಿಗೊಂಗ್ ಅನ್ನುವ ಚೀನಿ ವೈದ್ಯರ 1617ರ ಗ್ರಂಥದಲ್ಲಿ ಬರುವ ಮದ್ದು ಇದು. ಜಿಪ್ಸಮ್, ಜೀರುಂಡೆ ಕಳಚಿದ ಪೊರೆ ಕೂಡ ಇದರಲ್ಲಿ ಸೇರುತ್ತವೆ. ನಿಮ್ಮಂಥ ಒಣ ತುರಿಕೆಗೆ, ರಕ್ತ ಹೆಚ್ಚಿಸುತ್ತದೆ ಎಂದು ಅವರು ನಂಬುವ ದಾಂಗ್‌ಗುಯಿ ಬೇರು ಮುಖ್ಯವಾಗಿರುವ ಕಷಾಯ. ಹಾಗಾಗಿ ಎರಡು ಮದ್ದು ಕೊಟ್ಟಿದ್ದು ಅವರ ಲೆಕ್ಕದಲ್ಲಿ ಸರಿಯೇ. ಅಕ್ಕನದನ್ನು ನೀವು ಕುಡಿಯಬೇಡಿ. ಪಥ್ಯವನ್ನೂ ಹೇಳಿರಬೇಕು ಅಲ್ವಾ? ನಮ್ಮ ಮನೆಗಳಲ್ಲಿ ನಂಜು ಅಂತ ಬದನೆಕಾಯಿ ಬಿಡಿಸುವ ಹಾಗೆ ಅವರು ಸಿಗಡಿ, ಏಡಿ, ಕುರಿಮಾಂಸ ಬಿಡಿಸುತ್ತಾರೆ.

ಯಾವಾಗ ಕೆರೆಯುತ್ತದೆ, ನಿದ್ದೆ ಹೇಗೆ, ಬೆವರು ಹೇಗೆ ಅಂತ ಕೂತು ಕೇಳುವುದು ನನಗೆ ತುಂಬಾ ಹಿಡಿಸಿತು. ಆದರೆ ವಾಸಿಯಾಗುತ್ತದಾ ಅನ್ನುವುದು ಬೇರೆ ಪ್ರಶ್ನೆ. 1992ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಯೋಗಗಳಲ್ಲಿ ಹತ್ತು ಮೂಲಿಕೆಗಳ ಕಷಾಯ ಕುಡಿದ ಇಸುಬು ರೋಗಿಗಳಿಗೆ ಚೆನ್ನಾಗಿಯೇ ಗುಣ ಕಂಡಿತ್ತು. 1999ರಲ್ಲಿ ಅದೇ ಮಿಶ್ರಣ ಹಾಂಗ್‌ಕಾಂಗ್‌ನಲ್ಲಿ ಅಷ್ಟು ಫಲ ಕೊಡಲಿಲ್ಲ. 2013ರಲ್ಲಿ ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ನೋಡಿದ, ಕಾಕ್ರೇನ್ ಅನ್ನುವ ಸಂಶೋಧಕರ ಸಂಸ್ಥೆಯ ಪರಿಶೀಲನೆ, ಗಟ್ಟಿ ಪುರಾವೆ ಇಲ್ಲ ಎಂದಿತು.

ನನಗೆ ಹೆದರಿಕೆ ಇರುವುದು ಮುಲಾಮಿನ ಬಗ್ಗೆ. 1999ರಲ್ಲಿ ಲಂಡನ್ನಿನ ಚರ್ಮವೈದ್ಯರು 11 ಚೀನಿ 'ಗಿಡಮೂಲಿಕೆ' ಮುಲಾಮುಗಳನ್ನು ಪರೀಕ್ಷಿಸಿದರು. 8ರಲ್ಲಿ ಡೆಕ್ಸಾಮೆಥಾಸೋನ್ ಅನ್ನುವ ಸ್ಟಿರಾಯ್ಡ್ ಇತ್ತು! ಒಳಗೆ ಏನಿದೆ ಎಂದು ಬರೆದ ಚೀಟಿ ಇಲ್ಲದ ಡಬ್ಬಿ ಕೊಟ್ಟರೆ ದಯವಿಟ್ಟು ಹಚ್ಚಬೇಡಿ, ಮಕ್ಕಳ ಮುಖಕ್ಕಂತೂ ಬೇಡವೇ ಬೇಡ. ಕಷಾಯದಿಂದ ಲಿವರ್ ಕೆಟ್ಟ ಉದಾಹರಣೆಗಳೂ ಇವೆ. ವೈದ್ಯರ ನೋಂದಣಿ ನೋಡಿ, ಮೂಲಿಕೆಗಳ ಪಟ್ಟಿ ಬರೆಸಿಕೊಂಡು ಚರ್ಮದ ಡಾಕ್ಟರಿಗೆ ತೋರಿಸಿ, ಶುರುಮಾಡುವ ಮೊದಲು ಮತ್ತು ನಡುವೆ ಲಿವರ್ ಪರೀಕ್ಷೆ ಮಾಡಿಸಿ. ಈಗ ಹಚ್ಚುತ್ತಿರುವ ಮದ್ದನ್ನು ನೀವೇ ನಿಲ್ಲಿಸಬೇಡಿ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಕಷಾಯ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.