ಹಣ್ಣು ಬರುವ ಮುಂಚೆ ಕಂತು ಬರಬಾರದು

ಮಹಾರಾಷ್ಟ್ರದ ಜತ್ ತಾಲೂಕಿನ ಉಮದಿ ಕಡೆಯಿಂದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮದು ನಾಲ್ಕು ಎಕರೆ ದಾಳಿಂಬೆ, ಭಗವಾ ತಳಿ. ಅಪ್ಪ, ನಾನು, ತಮ್ಮ ಮೂವರೂ ತೋಟದಲ್ಲೇ ದುಡೀತೀವಿ. ಇನ್ನೂ ಆರು ಎಕರೆ ಹಾಕಬೇಕು ಅಂತ ಆಸೆ. 30 ಲಕ್ಷ ಲೀಟರಿನ ಕೃಷಿ ಹೊಂಡಕ್ಕೆ 9 ಲಕ್ಷ, ಸಸಿ-ಡ್ರಿಪ್‌ಗೆ 12 ಲಕ್ಷ, ಶೆಡ್ಡು ಮತ್ತು ಹಣ್ಣು ವಿಂಗಡಿಸುವ ಮಷಿನ್ನಿಗೆ 14 ಲಕ್ಷ, ಕೈಖರ್ಚಿಗೆ 5 ಲಕ್ಷ, ಒಟ್ಟು 40 ಲಕ್ಷ. ಎಲ್ಲಾ ಒಂದೇ ಸಾಲದಲ್ಲಿ ಮಾಡಿಸಿ ಕೊಡ್ತೀನಿ, ಅರ್ಧ ಸಬ್ಸಿಡಿ ಬರ್ತದೆ ಅಂತ ಒಬ್ಬ ಏಜೆಂಟ್ ಹೇಳ್ತಾನೆ. ಬಾವಿ ಪಕ್ಕದ ಎರಡು ಎಕರೆ ಮಾತ್ರ ಅಡ ಇಡಬೇಡಿ ಅಂತ ಅವ್ವ ಹಟ ಹಿಡಿದಿದ್ದಾಳೆ. ಈಗಿನ ನಾಲ್ಕು ಎಕರೆಗೇ ಬೋರು ಸಾಕಾಗ್ತಿಲ್ಲ. ಏನು ಮಾಡಬೇಕು?"

ನಿಮ್ಮ ಪತ್ರ ಎರಡು ಸಲ ಓದಿದೆ. ತೋಟ ಬೆಳೆಸಿ, ಖಂಡಿತ ಬೆಳೆಸಿ. ಆದರೆ ಈ 40 ಲಕ್ಷವನ್ನು ಒಂದೇ ಗಂಟಿನಲ್ಲಿ ತರಬೇಡಿ.

ಮೊದಲು ನೀರಿನ ಲೆಕ್ಕ ಹಾಕೋಣ, ಯಾಕೆಂದರೆ ನಮ್ಮ ಕಡೆ ಸಾಲ ತೀರಿಸುವುದು ನೀರು. ಹದಿನೈದು ಅಡಿಗೆ ಹತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 300 ಗಿಡ. ಆರು ಎಕರೆಗೆ 1,800. ದೊಡ್ಡ ಗಿಡಕ್ಕೆ ಕಡು ಬೇಸಿಗೆಯಲ್ಲಿ ದಿನಕ್ಕೆ 40 ಲೀಟರ್ ಅಂತ ಹಿಡಿದರೂ ದಿನಕ್ಕೆ 72,000 ಲೀಟರ್ ಬೇಕು, ಮೂರು ತಿಂಗಳಿಗೆ ಹತ್ತಿರ ಹತ್ತಿರ 65 ಲಕ್ಷ ಲೀಟರ್. ನಿಮ್ಮ ಹೊಂಡ 30 ಲಕ್ಷದ್ದು, ಅದರಲ್ಲೂ ಬಿಸಿಲಿಗೆ ಆರಿ ಹೋಗುವುದು ಬೇರೆ. ಈಗಿನ ನಾಲ್ಕು ಎಕರೆಗೇ ಬೋರು ಸಾಕಾಗುವುದಿಲ್ಲ ಅಂತ ನೀವೇ ಪತ್ರದ ಕೊನೆಗೆ ಬರೆದಿದ್ದೀರಿ. ಮ್ಹೈಸಾಳ ಏತ ನೀರಾವರಿಯ ನೀರು ಬಂದರೆ ಒಳ್ಳೆಯದೇ, ಆದರೆ ಅದು ಬರುತ್ತದೆ ಅಂತ ನಂಬಿ ಬ್ಯಾಂಕಿನಲ್ಲಿ ಸಹಿ ಹಾಕಬೇಡಿ. ಈ ವರ್ಷ ಮೂರು ಎಕರೆ ಸಾಕು.

ಈಗ ಸಾಲ. 11 ಪರ್ಸೆಂಟ್ ಬಡ್ಡಿ ಅಂತ ಹಿಡಿಯೋಣ. 40 ಲಕ್ಷಕ್ಕೆ ಬಡ್ಡಿಯೇ ವರ್ಷಕ್ಕೆ 4 ಲಕ್ಷ 40 ಸಾವಿರ. ದಾಳಿಂಬೆ ಗಿಡಕ್ಕೆ ಎರಡು ವರ್ಷ ತುಂಬುವ ಮುಂಚೆ ಬಹಾರ (ಹೂ ಬಿಡಿಸಿ ಫಸಲು) ಹಿಡಿಯಬಾರದು, ಹಿಡಿದರೆ ಗಿಡ ಸೋಲುತ್ತದೆ. ಕೈತುಂಬ ಹಣ್ಣು ಬರಲು ನಾಲ್ಕೈದು ವರ್ಷ ಬೇಕು. ಮೊದಲ ಮೂರು ವರ್ಷದ ಬಡ್ಡಿಯೇ 13 ಲಕ್ಷ ದಾಟುತ್ತದೆ, ಅದನ್ನೆಲ್ಲ ಹಳೆಯ ನಾಲ್ಕು ಎಕರೆ ಕಟ್ಟಬೇಕು. ಆ ಮೂರು ವರ್ಷದಲ್ಲಿ ಒಂದು ಸಲ ಹಣ್ಣಿನ ಮೇಲೆ ಎಣ್ಣೆ ಚುಕ್ಕಿ ಬೀಳುವ ತೇಲ್ಯಾ ರೋಗ ಬಿದ್ದರೆ? ಹಂಗಾಮೇ ಹೋಗುತ್ತದೆ, ನಿಮಗೆ ಗೊತ್ತಿಲ್ಲದ್ದೇನಲ್ಲ.

ಅದಕ್ಕೇ ನಾನು ಹೇಳುವುದು, ಖರ್ಚು ಎಂಥದೋ ಸಾಲವೂ ಅಂಥದೇ ಇರಲಿ. ಹೊಂಡದ 9 ಲಕ್ಷ, ಮೂರು ಎಕರೆ ಸಸಿ-ಡ್ರಿಪ್ಪಿನ 6 ಲಕ್ಷ, ಒಟ್ಟು 15 ಲಕ್ಷಕ್ಕೆ ಮಾತ್ರ ಅವಧಿ ಸಾಲ, ಅಂದರೆ ಹಲವು ವರ್ಷದಲ್ಲಿ ತೀರಿಸುವ ಸಾಲ, ಕೇಳಿ. ಕೇಳುವಾಗ ಎರಡು ಮಾತು ಬಿಡಬೇಡಿ. ಅಸಲಿನ ಕಂತು ಮೊದಲ ಫಸಲು ಮಾರಿದ ಮೇಲೆ ಶುರುವಾಗಬೇಕು. ಕಂತು ತಿಂಗಳಿಗೊಮ್ಮೆ ಅಲ್ಲ, ನೀವು ಹಣ್ಣು ಮಾರುವ ಹಂಗಾಮಿಗೆ ಒಮ್ಮೆ ಇರಬೇಕು. ಸಂಬಳದವರಿಗೆ ತಿಂಗಳ ಕಂತು ಸರಿ, ಬಹಾರ ನೋಡಿ ಬದುಕುವವರಿಗೆ ಅಲ್ಲ. ಇದನ್ನು ಬಾಯಿಮಾತಿಗೆ ಬಿಡದೆ ಮಂಜೂರಿ ಪತ್ರದಲ್ಲೇ ಬರೆಸಿಕೊಳ್ಳಿ.

ಗೊಬ್ಬರ, ಔಷಧ, ಚಾಟಣಿ (ಗಿಡ ಸವರುವ) ಕೂಲಿಯ ಕೈಖರ್ಚಿಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. 3 ಲಕ್ಷದವರೆಗೆ ಬಡ್ಡಿ 7 ಪರ್ಸೆಂಟ್, ಹೊತ್ತಿಗೆ ಸರಿಯಾಗಿ ಕಟ್ಟಿದರೆ 4. ಅಷ್ಟು ಅಗ್ಗದ ಸಾಲ ಇರುವಾಗ ಆ 5 ಲಕ್ಷವನ್ನು ದೊಡ್ಡ ಸಾಲದೊಳಗೆ ಯಾಕೆ ಸೇರಿಸಬೇಕು? ಆದರೆ ಆ ದುಡ್ಡಿನಿಂದ ಗಿಡ ಹಾಕಬೇಡಿ. ನಮ್ಮ ದೊಡ್ಡಪ್ಪ ಅದೇ ತಪ್ಪು ಮಾಡಿದರು. ವರ್ಷಕ್ಕೆ ತೀರಿಸಬೇಕಾದ ಬೆಳೆಸಾಲ ತಂದು ನಿಂಬೆ ತೋಟ ಹಾಕಿದರು. ನಿಂಬೆ ಕಾಯಿ ಬಿಡಲು ನಾಲ್ಕು ವರ್ಷ. ಪ್ರತಿ ಮಾರ್ಚಿನಲ್ಲಿ ಎಂಟು ದಿನದ ಮಟ್ಟಿಗೆ ಸಾವಕಾರನ ಹತ್ತಿರ ಕೈಗಡ ತಂದು ಬ್ಯಾಂಕಿಗೆ ಕಟ್ಟುವುದು, ಮತ್ತೆ ಎತ್ತಿ ಸಾವಕಾರನಿಗೆ ಕೊಡುವುದು. ಗಿಡ ಚೆನ್ನಾಗಿಯೇ ಬಂದಿತ್ತು. ಆದರೂ ಆ ಹೊಲ ಇವತ್ತು ನಮ್ಮದಲ್ಲ.

ಸಬ್ಸಿಡಿ ಬಗ್ಗೆ ಏಜೆಂಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಮಾತು. ಮಹಾರಾಷ್ಟ್ರದಲ್ಲಿ 2018-19ರಿಂದ ಭಾವೂಸಾಹೇಬ ಫುಂಡಕರ ಫಳಬಾಗ (ಹಣ್ಣಿನ ತೋಟ) ಯೋಜನೆ ಇದೆ. ದಾಳಿಂಬೆಗೂ ಸಿಗುತ್ತದೆ. ಸರ್ಕಾರ ಗೊತ್ತು ಮಾಡಿದ ದರದ ಪ್ರಕಾರ ದುಡ್ಡು ಮೂರು ವರ್ಷದಲ್ಲಿ 50, 30, 20 ಪರ್ಸೆಂಟ್ ಹೀಗೆ ಬರುತ್ತದೆ, ಅದೂ ಗಿಡ ಬದುಕಿದ್ದರೆ. ಡ್ರಿಪ್ಪಿಗೆ ಕೇಂದ್ರದ ಯೋಜನೆಯಲ್ಲಿ ಸಣ್ಣ ರೈತರಿಗೆ 55 ಪರ್ಸೆಂಟ್, ರಾಜ್ಯ ಅದರ ಮೇಲೆ ಸ್ವಲ್ಪ ಕೂಡಿಸುತ್ತದೆ. ಎರಡಕ್ಕೂ ರಾಜ್ಯ ಸರ್ಕಾರದ ಮಹಾಡಿಬಿಟಿ ಜಾಲತಾಣದಲ್ಲಿ ಅರ್ಜಿ ಹಾಕಿ, ಪೂರ್ವಸಮ್ಮತಿ ಕೈಗೆ ಬಂದ ಮೇಲೇ ಸಾಮಾನು ಕೊಳ್ಳಬೇಕು. ಮೊದಲೇ ಬಿಲ್ ಮಾಡಿಸಿದರೆ ದುಡ್ಡು ಹೋದಂತೆಯೇ. ಈ ಅರ್ಜಿಗೆ ಏಜೆಂಟ್ ಬೇಕಿಲ್ಲ, ನಿಮ್ಮ ಊರಿನ ಕೃಷಿ ಇಲಾಖೆಯವರನ್ನು ಹಿಡಿಯಿರಿ. ಮತ್ತೆ, ಸಬ್ಸಿಡಿ ಬರುವುದು ಖರ್ಚಾದ ಮೇಲೆ. ಕಂತು ಕಟ್ಟುವ ಲೆಕ್ಕದಲ್ಲಿ ಅದನ್ನು ಸೇರಿಸಲೇಬೇಡಿ, ಬಂದ ದಿನ ನೇರ ಅಸಲಿಗೆ ಹಾಕಿ.

ಶೆಡ್ಡಿಗೆ ಈಗ ಏನು ಅವಸರ? ನಾಲ್ಕು ಎಕರೆ ಹಣ್ಣಿಗೆ ಮಷಿನ್ ವರ್ಷದಲ್ಲಿ ಕೆಲವೇ ದಿನ ತಿರುಗುತ್ತದೆ. ಹೊಸ ಗಿಡ ಹಣ್ಣು ಬಿಟ್ಟ ಮೇಲೆ ನೋಡಿ. 2020ರಲ್ಲಿ ಕೇಂದ್ರ ಶುರು ಮಾಡಿದ ಕೃಷಿ ಮೂಲಸೌಕರ್ಯ ನಿಧಿ ಇರುವುದೇ ಇಂಥ ವಿಂಗಡಣೆ ಶೆಡ್ಡು, ಪ್ಯಾಕ್ ಹೌಸು, ಶೀತಲ ಕೋಣೆಗೆ. 2 ಕೋಟಿವರೆಗಿನ ಸಾಲಕ್ಕೆ 7 ವರ್ಷ ಬಡ್ಡಿಯಲ್ಲಿ 3 ಪರ್ಸೆಂಟ್ ರಿಯಾಯಿತಿ. 14 ಲಕ್ಷಕ್ಕೆ ಮೊದಲ ವರ್ಷ 42,000 ಉಳಿಯಿತು. ಇದರಲ್ಲಿ ಸಾಲ ಕೊಡಲು 2025-26ರ ಗಡುವು ಇಟ್ಟಿದ್ದರು, ಆದ್ದರಿಂದ ಹೊತ್ತು ಬಂದಾಗ ಬ್ಯಾಂಕಿನಲ್ಲಿ ಮೊದಲು ಅದನ್ನೇ ವಿಚಾರಿಸಿ. ಅಲ್ಲಿಯವರೆಗೆ ಸಾಂಗೋಲೆ, ಆಟಪಾಡಿ ಪೇಟೆಗೆ ಹೋದಾಗ ಬೇರೆಯವರ ಶೆಡ್ಡು ನೋಡಿಕೊಂಡು ಬನ್ನಿ.

ಕಾಗದದ ಮಾತು ಒಂದಿದೆ. ಸಾತ್‌ಬಾರಾ ಉತಾರದಲ್ಲಿ (ಹೊಲದ ಪಹಣಿಯಲ್ಲಿ) ಅಪ್ಪನ ಹೆಸರು ಮಾತ್ರ ಇದೆಯಾ, ನಿಮ್ಮಿಬ್ಬರದೂ ಇದೆಯಾ? ಎಲ್ಲರದೂ ಇದ್ದರೆ ಅಡ ಇಡಲು ಎಲ್ಲರ ಸಹಿ ಬೇಕು. ಅಪ್ಪನದೊಂದೇ ಇದ್ದರೆ ನಾಳೆ ವಾಟಣಿ (ಆಸ್ತಿ ಪಾಲು) ಆಗುವಾಗ ಸಾಲ ಯಾರ ಪಾಲಿಗೆ ಎಷ್ಟು ಅಂತ ಜಗಳ ಬರುತ್ತದೆ. ತಮ್ಮನ ಮದುವೆ ಆಗುವ ಮುಂಚೆಯೇ ನಾಲ್ಕೂ ಜನ ಕೂತು ಬರೆದಿಟ್ಟುಕೊಳ್ಳಿ. ಒಳ್ಳೆಯ ಮನಸ್ಸು ಇರುವಾಗಲೇ ಇದು ಸುಲಭ.

ಇನ್ನು ಅವ್ವನ ಮಾತು. ಅವರು ಹೇಳಿದ್ದೇ ಸರಿ. ಅದು ಬರೀ ಎರಡು ಎಕರೆ ಅಲ್ಲ, ಅಲ್ಲಿ ಬಾವಿ ಇದೆ. ಅದು ಹೋದರೆ ಉಳಿದ ಹೊಲ ಇದ್ದೂ ಇಲ್ಲದಂತೆ. ಸಾಲ 40 ಲಕ್ಷದಿಂದ 15ಕ್ಕೆ ಇಳಿದ ಮೇಲೆ ಬ್ಯಾಂಕಿನವರೂ ಅಷ್ಟು ಜಮೀನು ಕೇಳಬೇಕಾಗಿಲ್ಲ. ಹೊಸ ತೋಟದ ಹೊಲವನ್ನೇ ತೋರಿಸಿ. ಬಾವಿ ಹೊಲದ ಉತಾರದ ಮೇಲೆ ಬೋಜಾ (ಸಾಲದ ನಮೂದು) ಬೀಳದ ಹಾಗೆ ನೋಡಿಕೊಳ್ಳಿ. ಬ್ಯಾಂಕಿಗೆ ಹೋಗುವ ದಿನ ಅವ್ವನನ್ನೂ ಕರೆದುಕೊಂಡು ಹೋಗಿ, ಹೊಲದ ಯಾವ ಗಟ್ ನಂಬರಿಗೆ ಸಹಿ ಬೀಳುತ್ತಿದೆ ಅಂತ ಅವರಿಗೂ ಓದಿ ಹೇಳಿ.

— ಸಂಪಾದಕ